ಅಗ್ಗದ ಕೋಳಿಯ ಬೆಲೆ ತೆರುವವರು ಯಾರು?

ಕೋಳಿಮಾಂಸ ಇಂದು ಬಡವರ ತಟ್ಟೆಗೂ ಎಟುಕಿದೆ. ಅದನ್ನು ನಾನು ಹಳಿಯಲಾರೆ. ಅಗ್ಗದ ಪೌಷ್ಟಿಕ ಆಹಾರವನ್ನು ಬೇಡವೆನ್ನುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ಆದರೆ ಆ ಅಗ್ಗದ ಹಿಂದಿನ ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಇದೆ.

ಸುಮಾರು ಆರು ವಾರಗಳಲ್ಲಿ ಎರಡು ಕಿಲೋ ತೂಗುವ ಬ್ರಾಯ್ಲರ್ ಕೋಳಿಗಳನ್ನು ಇಕ್ಕಟ್ಟಿನಲ್ಲಿ ರೋಗವಿಲ್ಲದಂತೆ ಬೆಳೆಸಲು ಶುಚಿತ್ವ, ಲಸಿಕೆ, ವಿಶಾಲ ಜಾಗ ಬೇಕು, ಅವು ದುಬಾರಿ. ಮೇವಿಗೆ ಬೆರೆಸುವ ಚಿಟಿಕೆ ಆಂಟಿಬಯಾಟಿಕ್ ಅಗ್ಗ. ಆ ಅಲ್ಪ ಪ್ರಮಾಣಕ್ಕೆ ಸಾಯದೆ ಉಳಿದ ಬ್ಯಾಕ್ಟೀರಿಯಾಗಳು ಔಷಧಕ್ಕೆ ಮಣಿಯದ ಸಂತತಿಯನ್ನು ಬೆಳೆಸುತ್ತವೆ. ಗೊಬ್ಬರದೊಡನೆ ಹೊಲಕ್ಕೆ, ಹೊಲದಿಂದ ನೀರಿಗೆ ಸಾಗುತ್ತವೆ.

ಕೊಲಿಸ್ಟಿನ್‌ ಕಥೆ ನೋಡಿ. ಬೇರೆ ಔಷಧಗಳೆಲ್ಲ ಸೋತಾಗ ತೀವ್ರ ನಿಗಾ ಘಟಕದ ವೈದ್ಯರಿಗೆ ಉಳಿಯುವ ಕೊನೆಯ ಅಸ್ತ್ರಗಳಲ್ಲಿ ಅದೊಂದು. ಅದನ್ನೇ ಕೋಳಿಯ ತೂಕ ಹೆಚ್ಚಿಸಲು ಬಳಸಲಾಗುತ್ತಿತ್ತು. ಅದನ್ನು ನಿಷ್ಫಲಗೊಳಿಸುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಎಂಸಿಆರ್-1 ವಂಶವಾಹಿಯನ್ನು ಚೀನಾದ ವಿಜ್ಞಾನಿಗಳು 2015ರಲ್ಲಿ ವರದಿ ಮಾಡಿದರು. ಬೆಳವಣಿಗೆಗಾಗಿ ಆಂಟಿಬಯಾಟಿಕ್ ಉಣಿಸುವುದನ್ನು ಐರೋಪ್ಯ ಒಕ್ಕೂಟ 2006ರಲ್ಲೇ ನಿಲ್ಲಿಸಿತ್ತು. ಭಾರತ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿದ್ದು 2019ರ ಜುಲೈನಲ್ಲಿ.

ನಿಷೇಧ ಸ್ವಾಗತಾರ್ಹ. ಆದರೆ ಒಂದು ಔಷಧದ ಜಾಗಕ್ಕೆ ಇನ್ನೊಂದು ಬಂದರೆ ಪ್ರಯೋಜನವೇನು? ರೈತನನ್ನಷ್ಟೇ ದೂರುವುದೂ ನ್ಯಾಯವಲ್ಲ. ಗುತ್ತಿಗೆ ಸಾಕಣೆಯಲ್ಲಿ ಮರಿ, ಮೇವು, ಔಷಧ ಮೂರೂ ಬರುವುದು ಕಂಪನಿಯಿಂದಲೇ. ಹೊಣೆಯೂ ಅಲ್ಲಿಂದಲೇ ಆರಂಭವಾಗಬೇಕು. ಮೇವಿನ ಚೀಲದಲ್ಲಿ ಏನಿದೆಯೆಂಬುದು ಬಹಿರಂಗವಾಗಲಿ, ಪಶುವೈದ್ಯರ ಚೀಟಿಯಿಲ್ಲದೆ ಔಷಧ ಸಿಗದಿರಲಿ. ಅದರಿಂದ ಕಿಲೋಗೆ ಕೆಲವು ರೂಪಾಯಿ ಏರಿದರೆ ಏರಲಿ. ಇಂದು ನಾವು ಉಳಿಸುವ ಆ ಹಣವನ್ನು ನಾಳೆ ಆಸ್ಪತ್ರೆಯಲ್ಲಿ ತೆರುವವರು, ಕೋಳಿಯನ್ನೇ ಮುಟ್ಟದವರೂ ಆಗಿರಬಹುದು.