ಗಾಳಿ ನಿಂತ ಮೇಲೆಯೇ ಎಚ್ಚರ ಬೇಕು

ಚಂಡಮಾರುತವೆಂದರೆ ಕಡಲತೀರದವರ ಕಷ್ಟ ಎಂದು ಒಳನಾಡಿನವರು ಸುಮ್ಮನಿರುವುದುಂಟು. 2018ರ ನವೆಂಬರ್ 16ರ ನಸುಕಿನಲ್ಲಿ ತಮಿಳುನಾಡಿನ ನಾಗಪಟ್ಟಣಂ ಮತ್ತು ವೇದಾರಣ್ಯಂ ನಡುವೆ ದಡ ಸೇರಿದ ‘ಗಜ’ ಆ ನಂಬಿಕೆಯನ್ನು ಸುಳ್ಳು ಮಾಡಿತು. ಗಂಟೆಗೆ ಸುಮಾರು 120 ಕಿ.ಮೀ. ವೇಗದ ಗಾಳಿ ದಡದಲ್ಲಿ ನಿಲ್ಲದೆ ತಂಜಾವೂರು, ಪುದುಕೋಟೆ ಜಿಲ್ಲೆಗಳ ಒಳಹಳ್ಳಿಗಳಿಗೂ ನುಗ್ಗಿತು. ಲಕ್ಷಾಂತರ ತೆಂಗಿನ ಮರಗಳು ಉರುಳಿದವು. ಸಾವಿರಾರು ವಿದ್ಯುತ್ ಕಂಬಗಳು ನೆಲಕ್ಕೊರಗಿದವು. ಕರೆಂಟಿಲ್ಲದೆ ಪಂಪು ಓಡಲಿಲ್ಲ, ಕುಡಿಯುವ ನೀರಿಗೂ ತತ್ವಾರವಾಯಿತು.

ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳಲ್ಲಿ ಯೂನಾನಿ ವೈದ್ಯರು ಮೊದಲು ಹೇಳುವುದು ಸುತ್ತಲಿನ ಗಾಳಿಯನ್ನು. ಆದರೆ ಬಿರುಗಾಳಿಯ ಅಪಾಯ ಗಾಳಿಯೊಂದಿಗೇ ಮುಗಿಯುವುದಿಲ್ಲ. ಅದು ನಿಂತ ಮೇಲೆ ಅಂಗಳಕ್ಕಿಳಿಯುವವರೂ ಹಂಚು ಸರಿಪಡಿಸಲು ಮಾಡು ಹತ್ತುವವರೂ ಪೆಟ್ಟು ತಿನ್ನುತ್ತಾರೆ.

ತಂತಿ: ಬಿದ್ದ ತಂತಿಯಲ್ಲಿ ಕರೆಂಟ್ ಇದೆಯೆಂದೇ ತಿಳಿಯಿರಿ. ಮಕ್ಕಳನ್ನೂ ಜಾನುವಾರುಗಳನ್ನೂ ದೂರವಿಡಿ, ವಿದ್ಯುತ್ ಕಚೇರಿಗೆ ತಿಳಿಸಿ.

ಗಾಯ: ತಗಡು, ಮೊಳೆ, ಮುರಿದ ಕೊಂಬೆ ತಾಗಿದರೆ ಶುದ್ಧ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ. ಗಾಯಕ್ಕೆ ಕಾಫಿಪುಡಿಯನ್ನೋ ಬೂದಿಯನ್ನೋ ತುಂಬಿಕೊಂಡು ಬರುವವರನ್ನು ನಾನು ಈಗಲೂ ನೋಡುತ್ತೇನೆ, ಅದರಿಂದ ಕೀವಾಗುತ್ತದೆ. ಕೊಳಕಾದ ಗಾಯವಾಗಿದ್ದು, ಕಳೆದ ಐದು ವರ್ಷಗಳಲ್ಲಿ ಧನುರ್ವಾಯುವಿನ ಚುಚ್ಚುಮದ್ದು ಆಗಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಯೂನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ, ಆ ಚುಚ್ಚುಮದ್ದಿಗೆ ನಮ್ಮಲ್ಲಿ ಬದಲಿ ಮದ್ದಿಲ್ಲ.

ವುಝೂ: ಗಾಯಕ್ಕೆ ಪಟ್ಟಿ ಕಟ್ಟಿದ್ದರೆ ಅದರ ಮೇಲೆ ಒದ್ದೆ ಕೈ ಸವರುವ, ನೀರು ತಾಗಲೇಬಾರದಿದ್ದರೆ ತಯಮ್ಮುಮ್ ಮಾಡುವ ರಿಯಾಯಿತಿ ದೀನ್‌ನಲ್ಲಿದೆ. ಸಂಶಯವಿದ್ದರೆ ಉಲಮಾಗಳನ್ನು ಕೇಳಿ. ಗಾಯವನ್ನು ನೆನೆಸಿ ಕೆಡಿಸಿಕೊಳ್ಳಬೇಡಿ.

ನೀರು: ಬಾವಿಗೆ ಎಲೆ, ಕಸ ಬಿದ್ದಿದ್ದರೆ ಶುಚಿಗೊಳಿಸುವವರೆಗೆ ಆ ನೀರು ಕುಡಿಯಬೇಡಿ. ಯಾವ ನೀರನ್ನಾದರೂ ಕುದಿಸಿಯೇ ಕುಡಿಯಿರಿ. ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ, ಆಗಾಗ ಸ್ವಲ್ಪಸ್ವಲ್ಪ ಕುಡಿಸಿ.

ಜನರೇಟರ್: ಮನೆಯೊಳಗೆ, ವರಾಂಡದಲ್ಲಿ, ಕಿಟಕಿಯ ಬಳಿ ಓಡಿಸಬೇಡಿ. ಅದರ ವಿಷಾನಿಲಕ್ಕೆ ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ.

ಇನ್ಸುಲಿನ್: ಫ್ರಿಜ್ ನಿಂತಿತೆಂದು ಬಿಸಾಡಬೇಡಿ, ಚುಚ್ಚಿಕೊಳ್ಳುವುದನ್ನು ಬಿಡಲೂಬೇಡಿ. ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ, ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ, ನೆರಳಲ್ಲಿಡಿ.

ಗಾಳಿಯನ್ನು ಶಪಿಸಬಾರದು, ಅದರ ಒಳಿತನ್ನು ಬೇಡಿ ಕೆಡುಕಿನಿಂದ ಅಲ್ಲಾಹನ ರಕ್ಷಣೆ ಕೋರಬೇಕು ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ದುಆದ ಜೊತೆಗೆ ನಮ್ಮ ಪಾಲಿನ ಕೆಲಸವೂ ಇದೆ. ಮಳೆಗಾಲಕ್ಕೆ ಮುನ್ನ ಮನೆಯ ಮೇಲೆ ಬಾಗಿದ ಒಣಕೊಂಬೆ ಕಡಿಸಿ. ಬಿರುಗಾಳಿ ಬೀಸಿದ ಮರುದಿನ, ಒಂಟಿಯಾಗಿರುವ ನೆರೆಯ ಅಜ್ಜಿಯ ಬಾಗಿಲು ಮೊದಲು ತಟ್ಟಿ. ಅವರು ಯಾವ ಧರ್ಮದವರಾದರೂ ನೆರೆಯ ಹಕ್ಕು ಹಕ್ಕೇ.