ಆಟದ ದೇಶಗಳಲ್ಲಿ ಸುಖಿ ಯಾರು?

2010ರಲ್ಲಿ ಬಂದ ‘ಸಿವಿಲೈಸೇಶನ್ 5’ ಎಂಬ ಕಂಪ್ಯೂಟರ್ ಆಟದಲ್ಲಿ ಆಟಗಾರ ಒಂದು ನಾಡನ್ನು ಆರಿಸಿಕೊಂಡು, ಕ್ರಿಸ್ತಪೂರ್ವ 4000ದಿಂದ ಆಧುನಿಕ ಕಾಲದವರೆಗೆ ಅದನ್ನು ಬೆಳೆಸುತ್ತಾನೆ. ತನ್ನ ನಾಡು ಎಲ್ಲಿದೆ ಎಂದು ನೋಡಿಕೊಳ್ಳಲು ಆಟದಲ್ಲೇ ಒಂದು ಕೋಷ್ಟಕವಿದೆ. ಜನಸಂಖ್ಯೆ, ಸೈನ್ಯ, ಸಾಕ್ಷರತೆಗಳ ಜೊತೆಗೆ ಜನರ ಸಂತೃಪ್ತಿಯಲ್ಲೂ ಪ್ರತಿ ದೇಶಕ್ಕೆ ಸ್ಥಾನ ಸಿಗುತ್ತದೆ. ಈ ಶ್ರೇಯಾಂಕ ಪಕ್ಷಪಾತದ್ದೇ? ಹೌದು. ಆದರೆ ಆ ಪಕ್ಷಪಾತವನ್ನು ದೇಶಗಳ ಹೆಸರಿನಲ್ಲಿ ಹುಡುಕಿದರೆ ಸಿಗದು, ಲೆಕ್ಕದ ಸೂತ್ರದಲ್ಲಿ ಹುಡುಕಬೇಕು.

ಸಾಮಾನ್ಯ ಅಳತೆಯ ನಕ್ಷೆಯಲ್ಲಿ ಪ್ರತಿ ನಗರಕ್ಕೆ 3, ಪ್ರತಿ ಜನಸಂಖ್ಯಾ ಘಟಕಕ್ಕೆ 1 ಅಂಕದಷ್ಟು ಅತೃಪ್ತಿ ಸೇರುತ್ತದೆ. ಚಿನ್ನ, ರೇಷ್ಮೆಯಂಥ ಐಷಾರಾಮಿ ವಸ್ತುಗಳು, ಕೊಲೋಸಿಯಂನಂಥ ಕಟ್ಟಡಗಳು ಅದನ್ನು ತಗ್ಗಿಸುತ್ತವೆ. 30 ಘಟಕಗಳ ಜನ 3 ನಗರಗಳಲ್ಲಿದ್ದರೆ ಅತೃಪ್ತಿ 39. ಅದೇ ಜನ 10 ಊರುಗಳಲ್ಲಿ ಹಂಚಿಹೋದರೆ 60. ಜನ ಅಷ್ಟೇ ಇದ್ದರೂ ಚದುರಿ ಬಾಳಿದ್ದಕ್ಕೇ ದಂಡ ಬೀಳುತ್ತದೆ. ಗಾಂಧಿ ನಾಯಕರಾಗಿರುವ ಭಾರತಕ್ಕಂತೂ ನಗರಗಳಿಂದಾಗುವ ಅತೃಪ್ತಿ ಇಮ್ಮಡಿ, ಜನಸಂಖ್ಯೆಯದು ಅರ್ಧ. ಹೀಗಾಗಿ ಅದೇ 30 ಘಟಕಗಳಿಗೆ ಭಾರತದ ಅತೃಪ್ತಿ 3 ನಗರಗಳಿದ್ದಾಗ 33ಕ್ಕೆ ಇಳಿದರೆ, 10 ಊರುಗಳಿದ್ದಾಗ 75ಕ್ಕೆ ಏರುತ್ತದೆ. ಹಳ್ಳಿಗಳ ನಾಡೆಂದು ಹೆಸರಾದ ಭಾರತ ಈ ಆಟದಲ್ಲಿ ಸುಖವಾಗಿರಬೇಕಾದರೆ ದೊಡ್ಡ ಪಟ್ಟಣಗಳಲ್ಲೇ ಕಿಕ್ಕಿರಿಯಬೇಕು.

ನಿಯಮ ಮೊದಲೇ ಗೊತ್ತಿರುವಾಗ ಪಕ್ಷಪಾತದ ಮಾತೆಲ್ಲಿ ಬಂತು ಎಂದು ಕೇಳಬಹುದು. ನಿಯಮ ಗೊತ್ತಿರುವುದು ಬೇರೆ, ಅದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇರೆ. ಆಟದ ಕಷ್ಟದ ಹಂತಗಳಲ್ಲಿ ಕಂಪ್ಯೂಟರ್ ನಡೆಸುವ ದೇಶಗಳಿಗೆ ಸಂತೃಪ್ತಿಯಲ್ಲಿ ರಿಯಾಯಿತಿ ಸಿಗುತ್ತದೆ, ಆಟಗಾರನಿಗೆ ಅದಿಲ್ಲ. ಆದರೂ ಇಬ್ಬರೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ನಿಲ್ಲುತ್ತಾರೆ. ಅಲ್ಲಿ ಕೆಳಗಿನ ಸ್ಥಾನ ಬಂದ ಮಾತ್ರಕ್ಕೆ ಆಡಳಿತ ಕೆಟ್ಟಿದೆ ಎನ್ನುವಂತಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಕಡಿವಾಣವಿಲ್ಲದಿದ್ದರೆ ಆಟಗಾರ ನಕ್ಷೆಯ ತುಂಬ ನಗರ ಕಟ್ಟುತ್ತಲೇ ಹೋಗುತ್ತಾನೆ, ಅದನ್ನು ತಡೆಯಲೆಂದೇ ಈ ಲೆಕ್ಕ ಇದೆಯಲ್ಲವೇ? ನಿಜ, ಆಟಕ್ಕೆ ಅಂಥ ತಡೆ ಬೇಕು. ಆದರೆ ಹಾಗೆ ಒಪ್ಪಿದೊಡನೆ ಈ ಅಂಕಿ ಅಳೆಯುತ್ತಿರುವುದು ಜನರ ಸುಖವನ್ನಲ್ಲ, ವಿಸ್ತರಣೆಯ ಮಿತಿಯನ್ನು ಎಂದೂ ಒಪ್ಪಿದಂತಾಯಿತು. ತಡೆಯಾಗಿ ಅದು ನ್ಯಾಯವೇ. ಸುಖದ ಶ್ರೇಯಾಂಕವೆಂದು ಓದಿದಾಗ ದಾರಿ ತಪ್ಪಿಸುತ್ತದೆ.

ನಿಜ ಜಗತ್ತಿನ ಪಟ್ಟಿಗಳೂ ನಿರ್ದೋಷಿಗಳೇನಲ್ಲ. 2012ರಿಂದ ಬರುತ್ತಿರುವ ವಿಶ್ವ ಸಂತೋಷ ವರದಿ, ತಮ್ಮ ಬದುಕಿಗೆ 0ಯಿಂದ 10ರೊಳಗೆ ಅಂಕ ಕೊಡಿ ಎಂದು ಜನರನ್ನೇ ಕೇಳಿದ ಸಮೀಕ್ಷೆಯ ಮೇಲೆ ನಿಂತಿದೆ. ಕೇಳುವ ರೀತಿ, ಉತ್ತರಿಸುವ ಸಂಸ್ಕೃತಿ ಎರಡೂ ಫಲಿತಾಂಶವನ್ನು ವಾಲಿಸಬಲ್ಲವು. ಆದರೂ ಅಲ್ಲಿ ಕಡೆಯ ಮಾತು ಬದುಕುವವರದ್ದು. ಆಟದಲ್ಲಿ ಪ್ರಜೆಯನ್ನು ಕೇಳುವವರೇ ಇಲ್ಲ. ಅವನಿಗೆ ರೇಷ್ಮೆ ಸಾಕೇ, ಊರು ಚಿಕ್ಕದಾದರೆ ಬೇಸರವೇ ಎಂಬುದನ್ನೆಲ್ಲ ವಿನ್ಯಾಸಕರು ಮೊದಲೇ ತೀರ್ಮಾನಿಸಿದ್ದಾರೆ. ಆದ್ದರಿಂದ ಆ ಕೋಷ್ಟಕದಲ್ಲಿ ಮೊದಲು ಬಂದ ದೇಶವನ್ನು ಸುಖೀ ದೇಶ ಎನ್ನುವ ಬದಲು, ವಿನ್ಯಾಸಕರ ಸೂತ್ರಕ್ಕೆ ಚೆನ್ನಾಗಿ ಹೊಂದಿಕೊಂಡ ದೇಶ ಎನ್ನುವುದೇ ಸರಿ.