ಷೇರು ಕೊಳ್ಳಲು ಕಾಯುವಾಗಲೂ ಪ್ರೀಮಿಯಂ

ಮೆಚ್ಚಿದ ಷೇರು ಇನ್ನೊಂಚೂರು ಇಳಿಯಲಿ, ಆಮೇಲೆ ಕೊಳ್ಳೋಣ ಎಂದು ಕಾಯುವವರು ಬಹಳ. ಆ ಕಾಯುವಿಕೆಗೂ ಆಪ್ಷನ್ ಮಾರುಕಟ್ಟೆಯಲ್ಲಿ ದುಡ್ಡು ಸಿಗುತ್ತದೆ. ಇಂಥ ಬೆಲೆಗೆ ಕೊಳ್ಳುತ್ತೇನೆಂದು ಒಪ್ಪಿ ಅಷ್ಟೂ ಹಣ ತೆಗೆದಿಟ್ಟರೆ ಅದು ಕ್ಯಾಶ್ ಸೆಕ್ಯೂರ್ಡ್ ಪುಟ್. ಕೈಯಲ್ಲಿರುವ ಷೇರನ್ನು ಇಂಥ ಬೆಲೆಗೆ ಕೊಡುತ್ತೇನೆಂದು ಒಪ್ಪಿದರೆ ಕವರ್ಡ್ ಕಾಲ್. ಎರಡರಲ್ಲೂ ಮೊದಲೇ ಕೈಸೇರುವುದು ಪ್ರೀಮಿಯಂ.

ಇನ್ಫೋಸಿಸ್ಸನ್ನೇ ಹಿಡಿಯೋಣ, ಬೆಲೆಗಳೆಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡವು. ಷೇರು 1,500 ರೂಪಾಯಿ, ಲಾಟ್ 400. ತಿಂಗಳ ಕೊನೆಯ 1,440ರ ಪುಟ್ಟನ್ನು 20 ರೂಪಾಯಿಗೆ ಮಾರಿದರೆ ಬರುವುದು 8,000. ಬದಿಗಿಡಬೇಕಾದದ್ದು 5,76,000. ತಿಂಗಳಿಗೆ 1.4%ರ ಹತ್ತಿರ. ಇದನ್ನು ಹನ್ನೆರಡರಿಂದ ಗುಣಿಸಿ ಎಫ್‌ಡಿ ಬಡ್ಡಿಯ ಪಕ್ಕದಲ್ಲಿಡುವವರಿದ್ದಾರೆ. ಬಡ್ಡಿಯಾದರೆ ಅಸಲು ಹಾಗೇ ಇರಬೇಕಲ್ಲ? ಎಕ್ಸ್‌ಪೈರಿ ದಿನ ಷೇರು 1,300ಕ್ಕೆ ಇಳಿದಿದ್ದರೂ ನೀವು 1,440 ಕೊಟ್ಟೇ ಕೊಳ್ಳಬೇಕು. ಪ್ರೀಮಿಯಂ ಕಳೆದ ಮೇಲೂ 48,000 ಹಿನ್ನಡೆ. ಆದ್ದರಿಂದ ನನ್ನ ಜರಡಿ ಒಂದೇ: ಪ್ರೀಮಿಯಂ ಸಿಗದಿದ್ದರೂ ಆ ಬೆಲೆಗೆ ಆ ಷೇರು ಬೇಕಿತ್ತೇ?

ನಮ್ಮಲ್ಲಿ ಇನ್ನೊಂದು ತೊಡಕುಂಟು. ಎಕ್ಸ್‌ಚೇಂಜ್ ಪೂರ್ತಿ ಹಣ ಕೇಳುವುದಿಲ್ಲ, ಅದರ ಒಂದು ಪಾಲನ್ನಷ್ಟೇ ಮಾರ್ಜಿನ್ ಆಗಿ ಹಿಡಿಯುತ್ತದೆ. ಒಂದು ಲಾಟ್‌ನ ಹಣದಲ್ಲಿ ಮೂರು ನಾಲ್ಕು ಲಾಟ್ ಮಾರಲು ಸ್ಕ್ರೀನ್ ಬಿಡುತ್ತದೆ. ಮಾರಿದಿರೋ, ಅದು ಕ್ಯಾಶ್ ಸೆಕ್ಯೂರ್ಡ್ ಆಗಿ ಉಳಿಯಲಿಲ್ಲ. ಉಳಿದ ಹಣವನ್ನು ಲಿಕ್ವಿಡ್ ಫಂಡ್‌ನಲ್ಲಿಡಿ, ಬೇರೆಡೆ ಹಂಚಬೇಡಿ. 2019ರ ಅಕ್ಟೋಬರ್‌ನಿಂದ ಎಲ್ಲ ಸ್ಟಾಕ್ ಆಪ್ಷನ್‌ಗಳೂ ಷೇರಿನ ಡೆಲಿವರಿಯಲ್ಲೇ ಮುಗಿಯುತ್ತವೆ, ಹಣ ನಿಜವಾಗಿಯೂ ಬೇಕಾಗುತ್ತದೆ. ಒಂದು ಸಮಾಧಾನ: ಅಮೆರಿಕದ ಸ್ಟಾಕ್ ಆಪ್ಷನ್‌ಗಳಂತೆ ಇಲ್ಲಿ ನಡುವೆ ಯಾರೂ ಷೇರು ತಂದು ಹೊರಿಸುವಂತಿಲ್ಲ, ಎಕ್ಸ್‌ಪೈರಿಗೇ ಲೆಕ್ಕ.

ತ್ರೈಮಾಸಿಕ ಫಲಿತಾಂಶದ ಮುನ್ನ ಪ್ರೀಮಿಯಂ ಉಬ್ಬುತ್ತದೆ, ಆಸೆಯೂ. 2023ರ ಏಪ್ರಿಲ್ 13ರಂದು ಇನ್ಫೋಸಿಸ್ ಫಲಿತಾಂಶ ಬಂತು. ಮರುದಿನ ಅಂಬೇಡ್ಕರ್ ಜಯಂತಿ ರಜೆ, ಆಮೇಲೆ ಶನಿವಾರ, ಭಾನುವಾರ. ಸೋಮವಾರ ಷೇರು 9% ಮೀರಿ ಇಳಿದು ಮುಗಿಯಿತು. ಪುಟ್ ಮಾರಿದ್ದವರಿಗೆ ನಡುವೆ ಹೊರಬರಲು ಬಾಗಿಲೇ ಇರಲಿಲ್ಲ.

ಎಲ್ಲ ಸರಿಹೋಗಿ 20ರ ಪುಟ್ 4ಕ್ಕೆ ಇಳಿದಿದ್ದರೆ, ಎಕ್ಸ್‌ಪೈರಿಗೆ ಇನ್ನೂ ಎರಡು ವಾರವಿದ್ದರೂ ವಾಪಸ್ ಕೊಂಡುಬಿಡಿ. ಉಳಿದ 4 ರೂಪಾಯಿಗೆ ಅಷ್ಟು ದಿನ ಅಪಾಯ ಹೊರುವುದು ಗಿಟ್ಟುವುದಿಲ್ಲ. ಸಿಕ್ಕಿಕೊಂಡಾಗ ಈ ಪುಟ್ ವಾಪಸ್ ಕೊಂಡು ಮುಂದಿನ ತಿಂಗಳದ್ದನ್ನು ಮಾರಿ ರೋಲ್ ಮಾಡಬಹುದು, ಆದರೆ ಸ್ಟ್ರೈಕ್, ಅಂದರೆ ಒಪ್ಪಿದ ಬೆಲೆ, ಕೆಳಗಿಳಿಸಿಯೂ ಕೈಗೆ ಒಂದಿಷ್ಟು ಬಂದರೆ ಮಾತ್ರ. ಮುಂದಿನ ತಿಂಗಳ ಆಪ್ಷನ್‌ಗಳಲ್ಲಿ ವಹಿವಾಟು ತೆಳುವಾಗಿರುವುದರಿಂದ ಲಿಮಿಟ್ ಆರ್ಡರ್ ಬಿಟ್ಟು ಬೇರೇನೂ ಹಾಕಬೇಡಿ.

ಷೇರು ತಲೆಗೆ ಬಂದೇಬಿಟ್ಟರೆ ಕವರ್ಡ್ ಕಾಲ್ ಸರದಿ. ಹೆಚ್ಚಿನವರು ಎಡವುವುದು ಇಲ್ಲೇ. ಬೆಲೆ 1,300 ಇರುವಾಗ 1,440ರ ಕಾಲ್‌ಗೆ ಹೆಚ್ಚೆಂದರೆ 5–6 ರೂಪಾಯಿ ಸಿಕ್ಕೀತು, 1,360ರದ್ದಕ್ಕೆ 18. ಮನಸ್ಸು 18ರ ಕಡೆ ವಾಲುತ್ತದೆ. ಪುಟ್‌ನ 20, ಕಾಲ್‌ನ 18 ಎರಡನ್ನೂ ಕಳೆದರೆ ನಿಮ್ಮ ಅಸಲು ಬೆಲೆ 1,402. ಷೇರು ಚೇತರಿಸಿಕೊಂಡು 1,450ಕ್ಕೆ ಹೋದರೂ ನೀವು 1,360ಕ್ಕೆ ಕೊಡಬೇಕು: 16,800 ನಷ್ಟ, ಅದೂ ಷೇರು ಏರಿದ ತಿಂಗಳಲ್ಲಿ! ಅಸಲು ಬೆಲೆಗಿಂತ ಮೇಲಿನ ಸ್ಟ್ರೈಕ್‌ಗೆ ತಕ್ಕ ಪ್ರೀಮಿಯಂ ಇಲ್ಲದ ತಿಂಗಳು ಏನೂ ಮಾರದೆ ಕೂತರೆ ಗಂಟೇನೂ ಹೋಗುವುದಿಲ್ಲ.

ಕಾಲ್ ಮಾರುವಾಗ ಷೇರನ್ನೇ ಮಾರ್ಜಿನ್‌ಗೆ ಅಡವಿಟ್ಟಿದ್ದರೆ, ಎಕ್ಸ್‌ಪೈರಿ ವಾರಕ್ಕೆ ಮೊದಲೇ ಬಿಡಿಸಿಕೊಳ್ಳಬೇಕೇ ಎಂದು ಬ್ರೋಕರ್ ಹತ್ತಿರ ಕೇಳಿಕೊಳ್ಳಿ. ಡೆಲಿವರಿಗೆ ಷೇರು ಸಿಗದಿದ್ದರೆ ಹರಾಜಿನ ದಂಡ ನಿಮ್ಮ ಮೇಲೆ. ತೆರಿಗೆಯಲ್ಲಿ ಪ್ರೀಮಿಯಂ ವ್ಯಾಪಾರದ ಆದಾಯ, ಷೇರಿನ ಲಾಭ ಬೇರೆ ಖಾತೆ. ಸಂಬಳದಾರರು ಸಲ್ಲಿಸುವ ಐಟಿಆರ್-1 ಇದಕ್ಕೆ ಸಾಲದು.